ನಕಲು ಡಿಸ್ಕಿಗೆ ಬರೆದ ಶ್ರೀ

ನಮ್ಮ ಅತ್ತೆ ಹಾಡಿದ ಶೋಭಾನೆಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಸ್ವರ ಬರಲಿಲ್ಲ. ಅದರ ಬೆನ್ನಿಗೇ ಹಾಡುಗಳಿದ್ದ ಹಳೆ ಡಿಸ್ಕ್ ಇನ್ನೇನು ಕೆಡುವಂತೆ ಟಕ್ ಟಕ್ ಎನ್ನತೊಡಗಿತು.

ಪುತ್ತೂರಿನಲ್ಲಿ ಕಂಪ್ಯೂಟರ್ ಕಲಿಸುವ ನಾದಿನಿ ಮೊದಲೇ ಒಂದು ಹೊಸ ಡಿಸ್ಕ್ ಜೋಡಿಸಿ, ಆಗ ಇದ್ದ ಹಾಡುಗಳನ್ನು ಅದಕ್ಕೆ ನಕಲು ಮಾಡಿದ್ದಳು. ಮುಂದೆ ಆಗಾಗ, ಆ ಹೊತ್ತಿಗೆ ಇದ್ದ ಹಾಗೇ ಹಳೆ ಡಿಸ್ಕಿನ ಸ್ನ್ಯಾಪ್‌ಶಾಟ್ ಹಿಡಿದು, ಹೊಸತಾಗಿ ಸೇರಿದ್ದನ್ನಷ್ಟೇ ಕಳಿಸುವ ಏರ್ಪಾಡು. ಆದರೆ ಆಮೇಲಿನ ಹಾಡುಗಳು, ಅತ್ತೆಯ ಕೊನೆಯ ಆರತಿ ಹಾಡೂ ಸೇರಿ, ಹೊಸ ಡಿಸ್ಕಿಗೆ ಹೋಗಿರಲೇ ಇಲ್ಲ. ನಾದಿನಿಯನ್ನು ಕರೆಸಿದೆ.

“ಅತ್ತಿಗೆ, ಹೊಸ ಡಿಸ್ಕಿಗೆ ಎಂತ ಮಾಡಿದ್ದೀರಿ?”

“ಎಂತ ಇಲ್ಲ ಮಾರಾಯ್ತಿ. ಶ್ರೀ ಅಂತ ಒಂದು ಫೈಲ್ ಬರೆದಿಟ್ಟೆ. ಹೊಸತಲ್ವಾ?”

ಹೊಸ ಪುಸ್ತಕವಾದರೂ ಶ್ರೀ ಬರೆಯದೆ ಶುರು ಮಾಡುವ ಕ್ರಮ ನಮ್ಮಲ್ಲಿಲ್ಲ.

ಅವಳು ನಕ್ಕಳು. “ದೇವರ ಹೆಸರಾದ್ರೂ ಈ ನಕಲು ಡಿಸ್ಕ್ ಒಪ್ಪುದಿಲ್ಲ. ಹೋದ ಸಲ ಹೇಗಿತ್ತೋ ಹಾಗೇ ಇದ್ರೆ ಮಾತ್ರ ಮುಂದಿನದ್ದು ತಗೊಳ್ಳುದು. ಈಗ ಇದನ್ನು ಹಿಂದಿನ ಸ್ಥಿತಿಗೆ ತರಬೇಕು. ನಿಮ್ಮ ಶ್ರೀ ಹೋಗ್ತದೆ.”

“ಶ್ರೀ ಅಳಿಸುದಾ?”

“ಹಳೆ ಡಿಸ್ಕಿನಲ್ಲಿ ಬರೀರಿ. ಹಾಡಿನೊಟ್ಟಿಗೆ ಅದೂ ಬರ್ತದೆ.”

ಕೈಮುಗಿದು ಬರೆದೆ. ನಾದಿನಿ ಹೊಸ ಡಿಸ್ಕನ್ನು ಹಿಂದಿನ ಸ್ಥಿತಿಗೆ ತಂದು, ಉಳಿದದ್ದನ್ನು ಕಳಿಸತೊಡಗಿದಳು. ಹಾಡುಗಳು ದಾಟುವವರೆಗೂ ಆ ಹಳೆ ಡಿಸ್ಕ್ ಟಕ್ ಟಕ್ ಎನ್ನುತ್ತಲೇ ತಡೆದುಕೊಂಡಿತು. ದೇವರು ಅಷ್ಟು ಸಮಯ ಕೊಟ್ಟ. ಮೂಲದಲ್ಲಿ ಬರೆದದ್ದು ನಕಲಿನಲ್ಲಿ ತಾನಾಗಿ ಬಂದು ಕೂತಿತ್ತು.

ಹೊಸ ಡಿಸ್ಕಿನಿಂದ ಆರತಿ ಹಾಡು ಹಾಕಿದೆ. ಅತ್ತೆ ತಮ್ಮದೇ ದನಿಗೆ ತುಟಿ ಸೇರಿಸಿದರು. ನಡುವೆ ನನ್ನತ್ತ ಕೈ ಮಾಡಿ, ಒಂದು ಸಾಲು ಬಿಟ್ಟುಹೋಗಿದೆ ಎಂದು ಸನ್ನೆಯಲ್ಲೇ ಹೇಳಿದರು. ಅದು ಅಂದು ಅವರೇ ಹಾಡುವಾಗ ಬಿಟ್ಟದ್ದು.