ಬೇಗಾರಿ ಅಲ್ಲದ ಕೆಲಸ

ಇನ್ನೊಬ್ಬರನ್ನು ಏನಾದರೂ ಕೇಳಬೇಕೆಂದರೆ ನನಗೆ ಮೊದಲಿನಿಂದಲೂ ನಾಲಿಗೆ ಏಳುವುದಿಲ್ಲ. ಬೀಗರ ಮನೆಯ ಪಂಕ್ತಿಯಲ್ಲಿ ಕೂತು, ಉಪ್ಪು ಬೇಕೆಂದು ಹೇಳಲಾರದೆ, ಸಪ್ಪೆ ಪುಂಡಿಪಲ್ಯ ಉಂಡು ಎದ್ದವನು ನಾನು. ನನ್ನ ಹೆಂಡತಿ ಇದಕ್ಕೆ ಸಂಕೋಚ ಎಂಬ ದೊಡ್ಡ ಹೆಸರು ಕೊಡುವುದಿಲ್ಲ. ‘ಕೇಳಿದ್ರ ಸಣ್ಣಾವಾಗ್ತೇನಿ ಅಂತ ಅಂಜತೀರಿ, ಅಷ್ಟs. ಅದು ಸೊಕ್ಕು’ ಎನ್ನುತ್ತಾಳೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿರುವ ಈ ದಿನಗಳಲ್ಲಿ ಅವಳು ಹೇಳುವುದೇ ನಿಜವೇನೋ ಎನಿಸುತ್ತದೆ. ಹಾಗೆ ಎನಿಸುವಂತೆ ಮಾಡಿದ ಸಂಗತಿಯೊಂದಿದೆ. ಅದನ್ನು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಆಳಂದದ ಕಡೆಯವನು. ನೌಕರಿಗೆಂದು ನನ್ನನ್ನು ಹಾಕಿದ್ದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿಗೆ. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಮಂದಿಯಿಂದ ಗಿಜಿಗುಟ್ಟುವ ಬಸ್ಸಿನಲ್ಲಿ ಹೋಗಿ, ನಡುದಾರಿಯಲ್ಲಿ ಇಳಿದು, ಕರಿಮಣ್ಣಿನ ಹೊಲಗಳ ನಡುವೆ ಒಂದು ತಾಸು ನಡೆದರೆ ಆ ಊರು. ಶಾಲೆಯೆಂದರೆ ಎರಡು ಕೋಣೆ, ಅವುಗಳ ಮುಂದೆ ಕಂಬಗಳಿರುವ ಉದ್ದನೆಯ ಕಟ್ಟೆ, ಅಂಗಳದಲ್ಲೊಂದು ಬೇವಿನ ಮರ. ನಾಲ್ಕು ತರಗತಿಗೆ ನಾನೊಬ್ಬನೇ. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರುಗಳು ಬೇಕಾದಷ್ಟಿದ್ದವು. ಹುಡುಗಿಯರು ಮಾತ್ರ ಇರಲಿಲ್ಲ.

ಬರುತ್ತಿದ್ದ ನಾಲ್ಕಾರು ಹುಡುಗಿಯರಲ್ಲಿ ಮಹಾದೇವಿ ಒಬ್ಬಳು. ಎಂಟು ವರ್ಷದವಳು, ಟೊಂಕದ ಮೇಲೆ ಸದಾ ಒಂದು ತಮ್ಮ. ಅವನು ಅವಳ ಪಾಟಿಯ ಅಕ್ಷರಗಳನ್ನು ಅಂಗೈಯಿಂದ ಒರೆಸುತ್ತಿದ್ದ. ನಾನು ಲೆಕ್ಕ ಬಿಡಿಸುವ ಹೊತ್ತಿಗೆ ಸರಿಯಾಗಿ ಅಳುತ್ತಿದ್ದ. ಒಂದು ದಿನ ತಾಳ್ಮೆ ತಪ್ಪಿ, ‘ನಾಳಿಂದ ಕೂಸು ತರಬ್ಯಾಡ’ ಎಂದು ಗದರಿಸಿದೆ. ಮಹಾದೇವಿ ಹೇಳಿದ ಮಾತು ಕೇಳುವ ಹುಡುಗಿ. ಮರುದಿನದಿಂದ ಕೂಸನ್ನು ತರಲಿಲ್ಲ. ತಾನೂ ಬರಲಿಲ್ಲ. ಇವೆರಡಕ್ಕೂ ಸಂಬಂಧವಿದೆ ಎಂದು ತಿಳಿಯಲು ಟ್ರೇನಿಂಗ್ ಆದ ಮಾಸ್ತರನಿಗೆ ನಾಲ್ಕು ದಿನ ಬೇಕಾಯಿತು.

ಅವಳ ಮನೆಗೆ ಹೋದೆ. ತಾಯಿ ಕಾಶೀಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: “ಕೂಸು ಬಿಟ್ಟು ಬಾ ಅಂದ್ರಂತಲ್ರಿ ಮಾಸ್ತರ್ರ. ಯಾರ ಹಂತ್ಯಾಕ ಬಿಡ್ಲಿ? ಹೊಲದಾಗ ನಾನು, ಸಾಲ್ಯಾಗ ಇಕಿ. ಅದಕ್ಕೊಂದು ಜಾಗಾ ನೀವs ಹೇಳ್ರಿ.”

ದಾರಿಯಲ್ಲಿ ಮರಳಿ ಬರುವಾಗ ಒಂದು ಉಪಾಯ ಹೊಳೆಯಿತು. ಊರವರು ಯಾರಾದರೂ ದಿನಕ್ಕೊಬ್ಬರಂತೆ ಶಾಲೆಯ ಕಟ್ಟೆಯ ಮೇಲೆ ಕೂತು ಕೂಸುಗಳನ್ನು ನೋಡಿಕೊಂಡರೆ, ಒಳಗೆ ಅಕ್ಕಂದಿರು ಓದುತ್ತಾರೆ. ಸಂಬಳ ಕೊಡುವ ಮಾತಿಲ್ಲ, ಮನಸ್ಸಿದ್ದವರು ಬರಬೇಕು. ಮೇಲಿನವರ ಕಾಗದಗಳಲ್ಲಿ ಇಂಥವರಿಗೆ ಸ್ವಯಂಸೇವಕರು ಎಂಬ ಹೆಸರಿತ್ತು. ವಿಚಿತ್ರ ಹೆಸರು ನೋಡಿ. ಸ್ವಯಂ ಎಂದರೆ ತಾನಾಗಿ. ತಾನಾಗಿ ಬರುವವನನ್ನು ಹೋಗಿ ಕರೆಯುವುದು ಹೇಗೆ? ಕರೆದ ಮೇಲೆ ಬಂದರೆ ಅವನು ತಾನಾಗಿ ಬಂದಂತೆ ಹೇಗಾದೀತು? ಈ ತರ್ಕದಲ್ಲಿ ಒಂದು ವಾರ ಕಳೆದೆ. ಕೇಳುವುದನ್ನು ಮುಂದೂಡಲು ನನಗೆ ಏನಾದರೊಂದು ನೆಪ ಬೇಕಿತ್ತು.

ಕೊನೆಗೆ ಊರ ಗೌಡರಿಗೆ ಹೇಳಿ ಚಾವಡಿಯಲ್ಲಿ ಜನ ಸೇರಿಸಿದೆ. ನನ್ನ ಮಾತು ಮುಗಿದಾಗ ಈರಪ್ಪ ಎಂಬ ಮುದುಕ ಕೇಳಿದ: “ರೊಕ್ಕ ಇಲ್ಲ ಅಂತೀರಿ, ಕೆಲಸ ಮಾಡ್ರಿ ಅಂತೀರಿ. ಅಂದ್ರ ಇದು ಬೇಗಾರಿ ಏನ್ರಿ?”

ಬೇಗಾರಿ ಎಂಬುದು ಆ ಸೀಮೆಯಲ್ಲಿ ಸಣ್ಣ ಶಬ್ದವಲ್ಲ. ನಿಜಾಮನ ಕಾಲದಲ್ಲಿ ಸಾಹೇಬರು ಊರಿಗೆ ಬಂದರೆ ಅವರ ಗಂಟು ಹೊರಲು, ಕಟ್ಟಿಗೆ ಒಡೆಯಲು, ಕುದುರೆಗೆ ಹುಲ್ಲು ತರಲು ಜನರನ್ನು ಹಿಡಿದು ತರುತ್ತಿದ್ದರು. ಕೂಲಿಯಿಲ್ಲ, ಒಲ್ಲೆ ಎನ್ನುವಂತಿಲ್ಲ. ಹೀಗೆ ಹಿಡಿದು ತರುತ್ತಿದ್ದುದು ಹೆಚ್ಚಾಗಿ ಒಂದೇ ಕೇರಿಯ ಜನರನ್ನು. ಊರ ಅಗಸಿ ಬಾಗಿಲಿನ ಆಚೆ ಇದ್ದ, ಊರು ಮುಟ್ಟಿಸಿಕೊಳ್ಳದ ಜನ ಅವರು. ಈರಪ್ಪನಂಥವರು ಅದನ್ನೆಲ್ಲ ಕಣ್ಣಾರೆ ಕಂಡಿದ್ದರು. ನಾನು ಪುಸ್ತಕದಲ್ಲಿ ಓದಿದ್ದೆ. ಓದಿದವನ ಚುರುಕಿನಿಂದ ಉತ್ತರ ಕೊಟ್ಟೆ: “ಬೇಗಾರಿಗೆ ಹಿಡಕೊಂಡು ಬರ್ತಿದ್ರು. ಇಲ್ಲಿ ಬರ್ತೀರೇನು ಅಂತ ಕೇಳಾಕತ್ತೇನಿ. ಬರೋದೂ ಬಿಡೋದೂ ನಿಮ್ಮ ಮನಸ್ಸು.” ಜನ ತಲೆದೂಗಿದರು. ನನ್ನ ಉತ್ತರ ನನಗೇ ಬಹಳ ಹಿಡಿಸಿತು.

ಅಂದು ಹನ್ನೊಂದು ಜನ ಹೆಸರು ಬರೆಸಿದರು. ಒಬ್ಬರೂ ಬರಲಿಲ್ಲ. ನಮ್ಮ ಕಡೆಯ ಜನ ಮುಖದ ಮೇಲೆ ‘ಆಗೋದಿಲ್ಲ’ ಎಂದು ಹೇಳಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ‘ಬರ್ತೇನ್ರಿ’ ಎನ್ನುತ್ತಾರೆ. ಆ ‘ಬರ್ತೇನ್ರಿ’ಯಲ್ಲಿ ಯಾವುದು ಬರುವ ‘ಬರ್ತೇನ್ರಿ’, ಯಾವುದು ಬಾರದ್ದು ಎಂದು ಕೇಳುವವನೇ ತಿಳಿದುಕೊಳ್ಳಬೇಕು.

ಮರುವಾರ ಬಂದವಳು ಹೆಸರು ಬರೆಸದವಳು. ಚಂದವ್ವ ಅಗಸಿಯಾಚೆಯ ಆ ಕೇರಿಯ ಸೂಲಗಿತ್ತಿ. ಐವತ್ತು ದಾಟಿದ ವಯಸ್ಸು. ಊರಿನ ಎಲ್ಲ ಕೂಸುಗಳೂ ಅವಳ ಕೈಯಲ್ಲಿ ಹುಟ್ಟಿದವು, ಗೌಡರ ಮೊಮ್ಮಕ್ಕಳು ಸಹ. ಕೂಸು ಹುಟ್ಟಿಸಿ ಅವಳು ಹೊರಬಿದ್ದ ಕೂಡಲೇ ಮನೆಯವರು ನೆಲ ತೊಳೆದು ಶುದ್ಧ ಮಾಡಿಕೊಳ್ಳುತ್ತಿದ್ದರು.

“ಚಾವಡಿ ಹೊರಗ ನಿಂತು ನಿಮ್ಮ ಮಾತು ಕೇಳೀನ್ರಿ ಮಾಸ್ತರ್ರ,” ಎಂದಳು. “ಬೇಗಾರಿ ಅಲ್ಲ ಅಂದ್ರಲ್ಲ. ಅದಕ್ಕ ಬಂದೇನಿ.”

ಕಟ್ಟೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳು. ಕೂಸನ್ನು ಕಾಲ ಮೇಲೆ ಅಡ್ಡ ಹಾಕಿಕೊಂಡರೆ ಸಾಕು, ಎಂಥ ಹಟಮಾರಿಯೂ ಸುಮ್ಮನಾಗುತ್ತಿತ್ತು. ಮಹಾದೇವಿ ಬಂದಳು. ಅವಳ ಹಿಂದೆ ಮತ್ತೆ ಕೆಲವರು ಬಂದರು. ಹದಿನೈದು ದಿನದಲ್ಲಿ ಕಟ್ಟೆಯ ಮೇಲೆ ಏಳು ಕೂಸು, ಒಳಗೆ ಅವುಗಳ ಏಳು ಅಕ್ಕಂದಿರು. ಮಕ್ಕಳು ಅವಳನ್ನು ಚಂದಾಯಿ ಎಂದು ಕರೆಯತೊಡಗಿದರು.

ಹದಿನಾರನೆಯ ದಿನ ಗೌಡರು ಬಂದರು. ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ, ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದರು: “ಮಾಸ್ತರ್ರ, ಆಕಿ ಕೂಸು ನೋಡ್ಲಿ, ಬ್ಯಾಡ ಅನ್ನಂಗಿಲ್ಲ. ಕಟ್ಟೀ ಮ್ಯಾಲ ಬ್ಯಾಡ. ಬೇವಿನ ಗಿಡದ ಬುಡಕ ನೆಳ್ಳ ಅದಲ್ಲ, ಅಲ್ಲಿ ಕುಂದರಲಿ. ಮಂದಿ ಮಾತಾಡಾಕತ್ತಾರ.”

ನಾನು ಕೊರಳಲ್ಲಿ ಲಿಂಗ ಕಟ್ಟಿದವನು. ದಿನ ಬೆಳಗಾದರೆ ಅದೇ ಕಟ್ಟೆಯ ಮೇಲೆ ನಿಂತು ಕುಲವೊಂದೇ ಎಂಬ ಶರಣರ ಮಾತನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದವನು. “ಆಗಲ್ರಿ ಗೌಡ್ರ” ಎಂದೆ. ನೆರಳು ಎಲ್ಲಿದ್ದರೂ ನೆರಳೇ, ಹುಡುಗಿಯರ ಓದು ನಡೆದರೆ ಸಾಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಚಂದವ್ವನ ಹತ್ತಿರ ಹೋದೆ. ಯಾರನ್ನೂ ಏನನ್ನೂ ಕೇಳಲಾರದ ನನ್ನ ನಾಲಿಗೆ ಅವತ್ತು ಮಾತ್ರ ಸರಾಗವಾಗಿ ಎದ್ದಿತು.

ಅವಳು ಪೂರ್ತಿ ಕೇಳಿಸಿಕೊಂಡಳು. ಕಾಲ ಮೇಲಿನ ಕೂಸನ್ನು ಎತ್ತಿ ಮಹಾದೇವಿಯ ಮಡಿಲಿಗೆ ಹಾಕಿದಳು. ಸೀರೆಯ ಧೂಳು ಕೊಡವಿ ಕಟ್ಟೆ ಇಳಿದಳು.

“ಅಂದ್ರ ಇದೂ ಬೇಗಾರಿನs ಆತಲ್ರಿ ಮಾಸ್ತರ್ರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇವಿನ ಮರವನ್ನು ದಾಟಿ ಮನೆಯ ಕಡೆ ನಡೆದಳು.

ಎರಡು ದಿನ ನನಗೆ ನಾನೇ ವಕೀಲನಾಗಿ ವಾದ ಮಾಡಿದೆ. ಊರಲ್ಲಿ ಇರಬೇಕಾದವನು, ನೌಕರಿಗೆ ಹೊಸಬ, ಗೌಡರನ್ನು ಎದುರು ಹಾಕಿಕೊಂಡರೆ ಶಾಲೆಗೇ ಕೇಡು, ಹೀಗೆ. ಎಲ್ಲ ವಾದಗಳೂ ಸರಿಯಾಗಿದ್ದವು. ಊಟ ಮಾತ್ರ ಸೇರಲಿಲ್ಲ. ಮೂರನೆಯ ದಿನ ಶಾಲೆ ಬಿಟ್ಟೊಡನೆ ಅಗಸಿ ದಾಟಿ ಅವಳ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಡಬಡಿಸಿ ಎದ್ದು ಕಂಬಳಿ ಹಾಸಿದಳು. ನೀರು ಕೊಡಲೇ ಎಂದು ಅವಳು ಕೇಳಲಿಲ್ಲ. ನಾನೇ ಕೇಳಿ ಇಸಿದುಕೊಂಡು ಕುಡಿದೆ.

“ನಂದು ತಪ್ಪಾತು ಚಂದವ್ವ. ಸಾಲಿಗೆ ಬರ್ರಿ,” ಎಂದೆ.

“‘ಬರ್ರಿ’ ಅಂತೀರಲ್ರಿ ನನಗ!” ಎಂದು ನಕ್ಕಳು. ಆಮೇಲೆ ಮೊರದಲ್ಲಿನ ಕಾಳು ನೋಡುತ್ತ ನಿಧಾನವಾಗಿ ಹೇಳಿದಳು: “ನಮ್ಮತ್ತಿ ದಿನ ತುಂಬಿದ ಬಸುರಿ ಇದ್ಲು. ಸಾಹೇಬರ ಹಾಸಿಗಿ ಸುರಳಿ ಹೊತ್ತು ಅಫಜಲಪುರ ತನಕ ನಡದಾಳ. ದಾರ್‍ಯಾಗs ಹಡದ್ಲು. ಆ ಕೂಸು ಉಳೀಲಿಲ್ಲ. ‘ಬರ್ತಿ ಏನs’ ಅಂತ ಒಬ್ಬರೂ ಆಕಿನ್ನ ಕೇಳಿದ್ದಿಲ್ಲ. ನೀವು ಕೇಳಿದ್ರಿ. ಅದು ಚಲೋ ಅನಿಸಿತು, ಬಂದೆ.” ಮೊರ ಕೆಳಗಿಟ್ಟು ಕೇಳಿದಳು: “ಈಗ ಬಂದ್ರ ಎಲ್ಲಿ ಕುಂದರಬೇಕು?”

“ಕಟ್ಟೀ ಮ್ಯಾಲ.”

“ಗೌಡ್ರು?”

“ನಾ ಹೇಳ್ತೇನಿ.”

ಹೇಳಿದೆ. ಗೌಡರು ಬಹಳ ಹೊತ್ತು ಎಲೆ ಅಡಿಕೆ ಅಗಿದು, “ಸಾಲಿ ನಿಮ್ಮದು, ನೀವು ಹ್ಯಾಂಗರ ಮಾಡ್ರಿ. ಮಕ್ಕಳು ನಮ್ಮವು” ಎಂದರು.

ಆ ಮಾತಿನ ಅರ್ಥ ಮರುದಿನ ತಿಳಿಯಿತು. ಚಂದವ್ವನ ಕೇರಿಯ ಮಕ್ಕಳು ಬಂದರು, ಹತ್ತಿ ಹಿಂಜುವ ನದಾಫರ ಎರಡು ಮನೆಯ ಮಕ್ಕಳು ಬಂದರು. ಉಳಿದ ಜಾಗವೆಲ್ಲ ಖಾಲಿ. ಹೀಗೆ ಎಂಟು ದಿನ. ಚಂದವ್ವ ಒಂದೇ ಕೂಸನ್ನು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. “ನನ್ನ ಸಲುವಾಗಿ ನಿಮ್ಮ ಸಾಲಿ ಮುಚ್ಚತೈತಿ ನೋಡ್ರಿ,” ಎಂದಳು ಒಮ್ಮೆ. ನನಗೂ ಅದೇ ಅಂಜಿಕೆ. ಆದರೆ ಇನ್ನೊಂದು ಸಲ ಅವಳನ್ನು ಇಳಿಸುವ ಮಾತು ನನ್ನಿಂದ ಆಗುತ್ತಿರಲಿಲ್ಲ.

ಒಂಬತ್ತನೆಯ ದಿನ, ಜೋಳದ ಕೊಯ್ಲು ಶುರುವಾದ ಕಾಲ, ಕಾಶೀಬಾಯಿ ಬಂದಳು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ಕೈಯಲ್ಲಿ ಕೂಸು, ಹಿಂದೆ ಪಾಟಿ ಹಿಡಿದ ಮಹಾದೇವಿ. ಬೇವಿನ ಬುಡದಲ್ಲಿ ನಾಲ್ಕೈದು ಗಂಡಸರು ಕೂತಿದ್ದರು. ಅವರಲ್ಲೊಬ್ಬ, “ಕಾಶೀಬಾಯಿ, ಏನ್ ಮಾಡಾಕತ್ತಿ ಖಬರ್ ಅದ ಏನು?” ಎಂದ.

ಕಾಶೀಬಾಯಿ ನೇರ ಬಂದು ಕೂಸನ್ನು ಚಂದವ್ವನ ಕೈಗೆ ಕೊಟ್ಟಳು. ಆಮೇಲೆ ತಿರುಗಿ ಹೇಳಿದಳು: “ಇದು ಭೂಮಿಗಿ ಬಿದ್ದಾಗ ಮೊದ್ಲ ಎತಗೊಂಡಾಕಿ ಇಕಿ. ನಾ ಇದರ ಮಾರಿ ನೋಡಿದ್ದು ಆಮ್ಯಾಲ. ಅವತ್ತು ನೀವು ಯಾರೂ ಅಡ್ಡ ಬರಲಿಲ್ಲಲ್ರಿ. ಇವತ್ತ ಯಾಕ?” ಉತ್ತರಕ್ಕೆ ಕಾಯಲು ಅವಳಿಗೆ ಪುರುಸೊತ್ತಿರಲಿಲ್ಲ. ಹೊಲದಲ್ಲಿ ಜೋಳ ನಿಂತಿತ್ತು. ಹೋದಳು.

ಎಲ್ಲರ ಮನಸ್ಸೂ ತಿಳಿಯಾಯಿತು ಎಂದು ಬರೆದರೆ ಸುಳ್ಳಾದೀತು. ಕೊಯ್ಲು ಮುಗಿಯುವುದರೊಳಗೆ ಮೂರು ಕೂಸುಗಳು ಬಂದವು, ಬೇಸಗೆಗೆ ಎಂಟು. ಕೆಲವರು ಮನೆಗೆ ಹೋದ ಮೇಲೆ ಕೂಸಿನ ಮೈ ತೊಳೆಯುತ್ತಿದ್ದರಂತೆ. ಒಂದು ಮನೆಯವರು ತಮ್ಮ ಮಕ್ಕಳನ್ನು ಪಕ್ಕದೂರಿನ ಶಾಲೆಗೆ ಹಾಕಿದರು. ಗೌಡರ ಮನೆಯ ಕೂಸು ಕಟ್ಟೆಗೆ ಬರಲೇ ಇಲ್ಲ. ಆದರೆ ಅವರ ಮೊಮ್ಮಗಳು ಎರಡು ವರ್ಷದ ಮೇಲೆ ಒಂದನೆಯ ತರಗತಿಗೆ ಬಂದಳು, ಚಂದವ್ವನ ಮುಂದೆಯೇ ಹಾದು ಒಳಗೆ ಹೋದಳು. ಗೌಡರು ಏನೂ ಅನ್ನಲಿಲ್ಲ. ಮಹಾದೇವಿ ನಾಲ್ಕನೆಯದು ಮುಗಿಸಿ, ಹೊಲದ ದಾರಿ ಹಿಡಿದು ಮುಂದಿನ ಊರಿನ ಶಾಲೆಗೆ ನಡೆದು ಹೋಗತೊಡಗಿದಳು.

ಆರು ವರ್ಷದ ಮೇಲೆ ನನಗೆ ಜೇವರ್ಗಿಗೆ ವರ್ಗವಾಯಿತು. ಮುಂದೆ ಅಲ್ಲಿ ಎಷ್ಟೋ ಸಭೆಗಳಲ್ಲಿ ಸಾಹೇಬರು ‘ಸ್ವಯಂಸೇವಕರನ್ನು ಹುಡುಕುವುದು ಹೇಗೆ’ ಎಂದು ಕೇಳುತ್ತಿದ್ದರು. ಕರೆಯುವ ಮೊದಲು ಅವರನ್ನು ಎಲ್ಲಿ ಕೂರಿಸುತ್ತೀರಿ ಎಂದು ಗೊತ್ತು ಮಾಡಿಕೊಳ್ಳಿ ಎನ್ನಬೇಕೆಂದು ಬಾಯಿಗೆ ಬರುತ್ತಿತ್ತು. ಆದರೆ ಅದನ್ನು ತಿಳಿದವನಂತೆ ಹೇಳುವ ಮುಖ ನನಗಿರಲಿಲ್ಲ.

ಆ ಹಳ್ಳಿಯಿಂದ ಹೊರಟ ದಿನ ಊರವರು ಹಾರ ಹಾಕಿದರು, ಶಾಲು ಹೊದಿಸಿದರು. ನಾನು ಕಟ್ಟೆಯ ಹತ್ತಿರ ಬಂದು, “ಹೋಗಿ ಬರ್ತೇನಿ ಚಂದವ್ವ” ಎಂದೆ. ಅವಳ ಕೇರಿಯ ಜನ ಮಾಸ್ತರ ದಾರಿಯಲ್ಲಿ ಹಾದುಹೋದರೂ ಚಪ್ಪಲಿ ಬಿಟ್ಟು ಎದ್ದು ನಿಲ್ಲುತ್ತಿದ್ದ ಕಾಲ ಅದು. ಹಿಂದೆ ಗೌಡರು, ಪಂಚರು, ಊರ ಮಂದಿಯೆಲ್ಲ ನಿಂತಿದ್ದರು. ಚಂದವ್ವ ಕಂಬಕ್ಕೆ ಒರಗಿ, ಕಾಲು ನೀಡಿ ಕೂತಿದ್ದಳು. ಕಾಲ ಮೇಲೊಂದು ಕೂಸು ಬಾಯಿ ತೆರೆದುಕೊಂಡು ಮಲಗಿತ್ತು.

“ಏಳಾಕ ಬರಂಗಿಲ್ರಿ ಮಾಸ್ತರ್ರ,” ಎಂದು ಮೆಲ್ಲಗೆ ಹೇಳಿದಳು. “ಈಗರ ನಿದ್ದಿ ಹತ್ತೇತಿ. ಸಪ್ಪಳ ಮಾಡಬ್ಯಾಡ್ರಿ, ಹೋಗಿ ಬರ್ರಿ.”

ನಾವೆಲ್ಲ ಸಪ್ಪಳ ಮಾಡದೆ ಹೊರಗೆ ನಡೆದೆವು.