ನೀರು ತೋರಿಸಿದ ಬಟ್ಟೆ

ವಿಮಾನ ಹಾರಿತೇ ಎಂದು ಮೊದಲೇ ಕೇಳುವವರಿಗೆ ನಾನು ಈ ವಿಷಯ ಹೇಳಲು ಹೋಗುವುದಿಲ್ಲ. ಹಾರಲಿಲ್ಲ. ಎಂಜಿನ್ ಸಿಗಲಿಲ್ಲ, ಯುದ್ಧ ಮುಗಿಯಿತು, ಕಟ್ಟಿದವರಿಗೆ ಮದುವೆಯಾಯಿತು. ನಾನು ಹೇಳಬೇಕಾದದ್ದು ಅದರ ರೆಕ್ಕೆಗೆ ಬಟ್ಟೆ ಹೊಲಿದ ನನ್ನ ತಂದೆಯ ಸಂಗತಿ.

ಅಬ್ಬಾ ಶಿರಾದಲ್ಲಿ ದರ್ಜಿ. ಮನೆಯ ಜಗಲಿಯೇ ನಮ್ಮ ಅಂಗಡಿ. ಯುದ್ಧದ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸುವುದು, ಯಂತ್ರ ತುಳಿಯುವುದು ನನ್ನ ಪಾಲು. ಅಳತೆ, ಕತ್ತರಿ ಅವರದು. ಕಣ್ಣಿನ ಸುದ್ದಿ ಊರಿಗೆ ಗೊತ್ತಾದದ್ದೇ ತಡ, ಗಿರಾಕಿಗಳೆಲ್ಲ ಬಹಳ ಒಳ್ಳೆಯವರಾಗಿಬಿಟ್ಟರು. ತೋಳು ಉದ್ದವಾದರೂ "ಚೆನ್ನಾಗೈತೆ ಸಾಬ್ರೆ" ಎಂದು ಒಯ್ಯುವರು. ಮುಂದಿನ ಅಂಗಿ ಬೇರೆಯವರ ಬಳಿ ಹೊಲಿಸುವರು. ಅಬ್ಬಾಗೆ ಅದು ತಿಳಿಯುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಬೈದಿದ್ದರೆ ಬಿಚ್ಚಿ ಸರಿಮಾಡಿ ಕೊಡುತ್ತಿರಲಿಲ್ಲವೇ?

ಅಂಥ ದಿನಗಳಲ್ಲಿ ತರುಣರೊಬ್ಬರು ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮೈಯೆಲ್ಲ ಮಸಿಯಾಗಿ ಮಧುಗಿರಿಯಿಂದ ಬಂದರು. ಬೆಂಗಳೂರಿನಲ್ಲಿ ಕೆಲವು ಕಾಲ ವಿಮಾನಗಳ ಮರಗೆಲಸ ಮಾಡಿ ಮರಳಿದವರು. ಈಗ ಅಪ್ಪನ ಕಡಲೆಕಾಯಿ ಕೊಟ್ಟಿಗೆಯಲ್ಲಿ ತಾವೇ ಒಂದು ವಿಮಾನ ಕಟ್ಟುತ್ತಿದ್ದರು. ಬಟ್ಟೆಗೆ ರೇಷನ್ ಇದ್ದ ಕಾಲ. ಮನೆಯವರ ಪಾಲು, ಹೊಳವನಹಳ್ಳಿಯ ನೆಂಟರ ಪಾಲು ಎಲ್ಲ ಬೇಡಿ ಕೋರಾ ಬಟ್ಟೆ ಕೂಡಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವರ ಊರಿನವರು ಆಡಿಕೊಂಡರಂತೆ. ಅಲ್ಲಿನ ದರ್ಜಿಗಳು ನಕ್ಕು ಕಳಿಸಿದ್ದರಿಂದಲೇ ನಮ್ಮಲ್ಲಿಗೆ ಬಂದದ್ದು.

ರೆಕ್ಕೆಗೆ ದಿಂಬಿನ ಗವಸಿನಂತೆ ಉದ್ದನೆಯ ಗವಸು ಬೇಕಿತ್ತು. ಅಬ್ಬಾ ಎಷ್ಟೋ ದಿನಗಳ ಮೇಲೆ ಗುನುಗುತ್ತ ಕತ್ತರಿ ಮಸೆದರು.

"ಅಂಗಿ ಕೆಟ್ರೆ ಮನುಷ್ಯ ಅದನ್ನ ಮೂಲೆಗೆ ಹಾಕ್ತಾನೆ. ಇದು ಕೆಟ್ರೆ ಮನುಷ್ಯನೇ ಬೀಳ್ತಾನೆ, ಬೇಟಿ," ಎಂದರು.

ಪ್ರಾಮಾಣಿಕ ದರ್ಜಿ ಕೋರಾ ಬಟ್ಟೆಗೆ ನೀರು ತೋರಿಸದೆ ಕತ್ತರಿ ಹಾಕುವುದಿಲ್ಲ. ಮೊದಲೇ ನೆನೆಸಿ ಒಣಗಿಸಿದರೆ ಕುಗ್ಗುವಷ್ಟು ಕುಗ್ಗಿಬಿಡುತ್ತದೆ. ಹೊಲಿದ ಮೇಲೆ ಕೈಕೊಡುವುದಿಲ್ಲ. ಅಬ್ಬಾ ಈ ಬಟ್ಟೆಗೆ ಎರಡು ಸಲ ನೀರು ತೋರಿಸಿದರು.

ಗವಸುಗಳನ್ನು ಹೊತ್ತು ನಾವಿಬ್ಬರೂ ಮಧುಗಿರಿಗೆ ಹೋದೆವು. ಬಿದಿರು ಮತ್ತು ತೆಳುವಾದ ಮರದ ಪಟ್ಟಿಗಳ ರೆಕ್ಕೆ ತಿಂದಿಟ್ಟ ಮೀನಿನ ಮುಳ್ಳಿನಂತೆ ಕೊಟ್ಟಿಗೆಯ ಉದ್ದಕ್ಕೂ ಮಲಗಿತ್ತು. ಗವಸು ಎಳೆದು ತೊಡಿಸಿ ಬಾಯಿ ಹೊಲಿದೆವು. ಆ ತರುಣರು ಬಟ್ಟೆಯ ಮೇಲೆಲ್ಲ ನೀರು ಚಿಮುಕಿಸಿದರು.

"ಒಣಗ್ಲಿ, ತಮಟೆ ಥರ ಬಿಗ್ಕೊತದೆ ನೋಡಿ," ಎಂದರು.

ಒಣಗಿತು. ಬಿಗಿಯಲಿಲ್ಲ. ಮತ್ತೆ ನೀರು ಹಾಕಿದರು, ಮತ್ತೆ ಕಾದೆವು. ಬಟ್ಟೆ ಮೊದಲಿನಂತೆಯೇ ಜೋಲುತ್ತಿತ್ತು.

"ಸಾಬ್ರೆ, ಮೊದ್ಲೇ ನೆನೆಸಿದ್ರಾ?" ಎಂದು ಮೆಲ್ಲಗೆ ಕೇಳಿದರು.

"ನೆನೆಸದೆ ಕತ್ತರಿ ಹಾಕೋನಲ್ಲ ನಾನು. ಎರಡು ಸಲ. ಇನ್ನು ಒಂದೆಳೆಯೂ ಕುಗ್ಗಲ್ಲ," ಎಂದು ಅಬ್ಬಾ ಹೆಮ್ಮೆಯಿಂದ ಹೇಳಿದರು.

ಆ ತರುಣರ ಮುಖ ನೋಡಿ ನನಗೆ ಅರ್ಥವಾಯಿತು. ನಾವು ಮೊದಲೇ ತೆಗೆದುಹಾಕಿದ ಆ ಕುಗ್ಗುವ ಗುಣವೇ ಅವರಿಗೆ ಬೇಕಾಗಿತ್ತು. ಹೇಳಬೇಕೆಂದು ಅವರಿಗೆ ತೋಚಿರಲಿಲ್ಲ, ಕೇಳಬೇಕೆಂದು ನಮಗೂ ತೋಚಿರಲಿಲ್ಲ. ಬೇರೆ ಬಟ್ಟೆ ಎಲ್ಲಿಂದ ಬರಬೇಕು?

ಆದರೂ ಅವರು, "ಚೆನ್ನಾಗೈತೆ ಸಾಬ್ರೆ. ಇಂಗೇ ಇರ್ಬೇಕು," ಎಂದರು.

ನನಗೆ ಅಳು ಬಂತು. ಇವರೂ ಅದೇ ಮಾತು ಹೇಳಿದರಲ್ಲ ಎಂದು ಸಿಟ್ಟೂ ಬಂತು. ಅಬ್ಬಾ ಅಂಗೈಯನ್ನು ರೆಕ್ಕೆಯ ಮೇಲೆ ಆಡಿಸಿದರು. ಬಟ್ಟೆ ಕೈಯ ಮುಂದೆ ನೆರಿಗೆಯಾಗಿ ಸರಿಯಿತು.

"ಇದು ಬಿಗಿಬೇಕಿತ್ತಲ್ವಾ, ಬೇಟಿ?"

"ಹೌದು ಅಬ್ಬಾ. ನಾವು ನೀರು ತೋರಿಸಬಾರದಾಗಿತ್ತು."

ಅವರು ಕಡಲೆಕಾಯಿ ಮೂಟೆಯ ಮೇಲೆ ಕುಳಿತರು. ಆ ತರುಣರತ್ತ ತಿರುಗಿದರು. "ಬಟ್ಟೆ ಕೆಟ್ರೆ ದರ್ಜಿಗೆ ಬೈಬೇಕು, ಸ್ವಾಮಿ. ಪಾಪ ಮುದುಕ ಅಂತ ಬುಟ್ಬುಟ್ರೆ ದರ್ಜಿ ಸತ್ತಂಗೇ."

ಅಬ್ಬಾ ಸೂಜಿ ಕೇಳಿದರು.

ನಾವು ಅಲ್ಲೇ ಉಳಿದೆವು. ಹಿಂಬದಿಯ ಹೊಲಿಗೆ ಬಿಚ್ಚಿ, ಆ ತರುಣರೂ ನಾನೂ ಬಟ್ಟೆಯನ್ನು ಎಳೆದು ಹಿಡಿಯುವುದು. ಅಬ್ಬಾ ಬೆರಳಿನಿಂದ ತಡವಿ, ಇಷ್ಟಿಷ್ಟೇ ಒಳಗೆ ಮಡಿಸಿ ಕೈಯಲ್ಲಿ ಹೊಲಿಯುವುದು. ಆ ತರುಣರ ತಾಯಿ, ಕಂಬಳಿ ನೇಯುವವರು ಹಚ್ಚುವಂತೆ, ಹುಣಸೆಬೀಜದ ಗಂಜಿ ಕಾಯಿಸಿ ತಂದರು. ಅದನ್ನು ಮೇಲೆ ಬಳಿದು ಬಿಸಿಲಿಗೆ ಬಿಟ್ಟೆವು. ಬಟ್ಟೆ ಹಿಡಿದಿದ್ದ ನನ್ನ ಬೆರಳ ತುದಿಗಳೆಲ್ಲ ಅಬ್ಬಾರ ಸೂಜಿ ಚುಚ್ಚಿ ಊದಿದ್ದವು.

ಗಂಜಿ ಒಣಗಿದ ದಿನ ಆ ತರುಣರು ರೆಕ್ಕೆಯನ್ನು ಬೆರಳಿನಿಂದ ಬಡಿದರು. ಢಣ್ ಎಂದಿತು. ಅವರ ತಾಯಿ ಕೈ ಮುಗಿದರು. ಅಬ್ಬಾ ಮಾತ್ರ ನಗಲಿಲ್ಲ.

"ಈಗ ಹೇಳಿ," ಎಂದರು.

ಆ ತರುಣರು ನನ್ನ ಮುಖ ನೋಡಿದರು. ನಾನು ಬೇಕೆಂದೇ ಸುಮ್ಮನಿದ್ದೆ. ಅವರು ರೆಕ್ಕೆಯ ಉದ್ದಕ್ಕೂ ಬಡಿಯುತ್ತ ಹೋಗಿ, ತುದಿಯಲ್ಲಿ ನಿಂತು, ಮತ್ತೊಮ್ಮೆ ಬಡಿದರು.

"ಇಲ್ಲೊಂದ್ಕಡೆ ಸಡಿಲ ಐತೆ, ಸಾಬ್ರೆ. ಹೊಲಿಗೆನೂ ಸೊಟ್ಟಗೈತೆ. ಬಿಚ್ಬೇಕು."

"ಎಲ್ಲಿ, ನನ್ನ ಕೈ ಹಿಡಿದು ಅಲ್ಲಿಡಿ," ಎಂದರು ಅಬ್ಬಾ. ಅವರು ಅಷ್ಟು ಸಂತೋಷದಿಂದ ಹೊಲಿಗೆ ಬಿಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.