ಎರಡೂ ಕಡೆಯ ಬ್ರೀಡಾ

ಬ್ರೀಡಾ ಟೂಹಿ ತನ್ನೂರಿನ ತಂಡದ ವಿರುದ್ಧ ದುಡ್ಡು ಕಟ್ಟಿದ್ದಾಳೆ ಎಂಬ ಸುದ್ದಿ ನಮ್ಮೂರು ಬ್ಯಾಲಿನ್‌ರೋ ತುಂಬ ಹರಡಿದ್ದು ನನ್ನ ಬಾಯಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಫಿಂಟನ್ ಕ್ವರ್ಕ್‌ನ ಬಾಜಿ ಅಂಗಡಿಯಲ್ಲಿ ಗಾಜಿನ ಹಿಂದೆ ಕೂತು ಚೀಟಿ ತೆಗೆದುಕೊಂಡು ಮೊಹರು ಒತ್ತುವ ಕೆಲಸ ನನ್ನದು. 2004ರ ಅಕ್ಟೋಬರ್ ತಿಂಗಳು. ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಟದ ಜಿಲ್ಲಾ ಫೈನಲ್‌ಗೆ ನಮ್ಮೂರೂ ಹನ್ನೊಂದು ಮೈಲಿ ಆಚೆಯ ಕಿಲ್‌ಕಾರನ್ನೂ ಬಂದಿದ್ದವು. ನಮಗೆ ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ಫೈನಲ್ ಅದು. ಅಂಚೆ ಕಚೇರಿಯಿಂದ ಹಿಡಿದು ಶವಪೆಟ್ಟಿಗೆ ಮಾರುವವನ ಬಾಗಿಲಿನವರೆಗೆ ನೀಲಿ-ಬಿಳಿ ಬಾವುಟ ಹಾರುತ್ತಿದ್ದವು.

ಬ್ರೀಡಾ ಬೇಕರಿಯ ವ್ಯಾನ್ ಓಡಿಸುತ್ತಿದ್ದಳು. ನಲವತ್ತೇಳು ವರ್ಷ, ಮದುವೆಯಾಗಿರಲಿಲ್ಲ. ಗಂಡಸರ ಮಳೆಕೋಟು, ಕಿವಿಯ ಹಿಂದೆ ಪೆನ್ಸಿಲ್. ಬೆಳಿಗ್ಗೆ ಆರಕ್ಕೆ ಹೊರಟು ನಾಲ್ಕು ಊರುಗಳಿಗೆ ಬ್ರೆಡ್ಡು ಹಂಚುತ್ತಿದ್ದಳು. ಹತ್ತೂವರೆಗೆ ಸರಿಯಾಗಿ ನಮ್ಮಲ್ಲಿಗೆ ಬಂದು, ಬೋರ್ಡಿನ ಮೇಲಿನ ದರಗಳನ್ನು, ಅಂದರೆ ಗೆದ್ದರೆ ಎಷ್ಟು ಸಿಗುತ್ತದೆ ಎಂಬುದನ್ನು, ಔಷಧಿ ಬಾಟಲಿಯ ಮೇಲಿನ ಅಕ್ಷರ ಓದುವ ಹಾಗೆ ಓದುತ್ತಿದ್ದಳು. ಉಳಿದವರೆಲ್ಲ ಟೀವಿಯ ಕುದುರೆಗಳನ್ನು ಬೈಯುತ್ತಲೋ ಬೇಡಿಕೊಳ್ಳುತ್ತಲೋ ನಿಂತಿದ್ದರೆ ಇವಳು ಅತ್ತ ತಲೆ ಎತ್ತುತ್ತಿರಲಿಲ್ಲ.

"ನೀವು ಟೀವಿ ನೋಡಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಕಟ್ಟಿ ಆಯ್ತಲ್ಲ. ನಾನು ನೋಡಿದ್ರೆ ಕುದುರೆ ಜೋರಾಗಿ ಓಡುತ್ತಾ?"

ಮೊಹರು ಬಿದ್ದ ಚೀಟಿಯನ್ನು ನನ್ನಿಂದ ಗಟ್ಟಿಯಾಗಿ ಓದಿಸುವುದು ಅವಳ ಅಭ್ಯಾಸ. "ಸರಿಯಾಗಿದೆ ಬ್ರೀಡಾ" ಎಂದರೆ ಕೇಳುತ್ತಿರಲಿಲ್ಲ. "ಓದು, ನೂಲಾ" ಎನ್ನುತ್ತಿದ್ದಳು. ಓದುತ್ತಿದ್ದೆ. ಹಿಂದಿನ ಸಾಲಿನವರು ಗೊಣಗುತ್ತಿದ್ದರು. ಅವಳು ಅವಸರಪಡುತ್ತಿರಲಿಲ್ಲ.

ಫೈನಲ್‌ನ ವಾರ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಲವತ್ತು ಯೂರೋದಂತೆ ಐದು ಚೀಟಿ ಬರೆಸಿದಳು. ಐದೂ ಕಿಲ್‌ಕಾರನ್ ಗೆಲ್ಲುತ್ತದೆ ಎಂದು. ಅವಳ ಅಣ್ಣ ಮ್ಯಾಲಕಿ ನಮ್ಮ ಕ್ಲಬ್ಬಿನ ಅಧ್ಯಕ್ಷ; ಅವನ ಮಗ ಕಾಹಲ್ ನಮ್ಮ ತಂಡದ ಮುಂಚೂಣಿ ಆಟಗಾರ. ನನಗೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದೆ. ನಮ್ಮಮ್ಮನಿಗೆ ಹೇಳುವುದೂ ಚರ್ಚಿನ ಗಂಟೆ ಹೊಡೆಯುವುದೂ ಒಂದೇ. ಶನಿವಾರ ಬೆಳಗಾಗುವಷ್ಟರಲ್ಲಿ ಇನ್ನೂರು ಯೂರೋ ಎರಡು ಸಾವಿರವಾಗಿ, ಬ್ರೀಡಾ ಊರು ಮಾರಿದವಳಾಗಿದ್ದಳು.

ಅವಳು ನಿಜವಾಗಿ ಮಾಡಿದ್ದೇನು ಎನ್ನುವುದು ನನಗೆ ತಿಳಿದದ್ದು ಆಮೇಲೆ. ಗೊಂದಲವಾಗಬಾರದೆಂದು ಈಗಲೇ ಹೇಳುತ್ತೇನೆ. ಬ್ಯಾಲಿನ್‌ರೋದಲ್ಲಿ ಎಲ್ಲರೂ ನಮ್ಮ ಹುಡುಗರ ಮೇಲೇ ಕಟ್ಟುತ್ತಾರೆ; ಹಾಗಾಗಿ ಫಿಂಟನ್ ನಮ್ಮ ತಂಡದ ದರ ಇಳಿಸಿ, ಯಾರೂ ಮುಟ್ಟದ ಕಿಲ್‌ಕಾರನ್ ದರ ಏರಿಸಿದ್ದ. ಕಿಲ್‌ಕಾರನ್ನಿನ ಅಂಗಡಿಯವನು ಇದೇ ಕೆಲಸವನ್ನು ತಿರುಗಿಸಿ ಮಾಡಿದ್ದ. ಎರಡೂ ಬೋರ್ಡುಗಳನ್ನು ಒಂದೇ ಬೆಳಿಗ್ಗೆ ನೋಡುತ್ತಿದ್ದವಳು ಬ್ರೆಡ್ಡಿನವಳು ಒಬ್ಬಳೇ. ಇಲ್ಲಿ ಅವರ ಮೇಲೆ ಇನ್ನೂರು, ಅಲ್ಲಿ ನಮ್ಮ ಮೇಲೆ ಇನ್ನೂರು, ಆಟ ಸಮವಾದರೆ ಇರಲಿ ಎಂದು ಡ್ರಮ್‌ಲೀ ಊರಿನಲ್ಲಿ ಐವತ್ತಾರು. ಯಾರೇ ಗೆಲ್ಲಲಿ, ಗೆಲ್ಲದಿರಲಿ, ಕೈಗೆ ಐನೂರು ಬರುತ್ತಿತ್ತು. ಒಂದು ವಾರದ ಓಡಾಟಕ್ಕೆ ಲಾಭ ನಲವತ್ತನಾಲ್ಕು ಯೂರೋ. ಆರು ವರ್ಷದಿಂದ ಅವಳು ಹೀಗೆ ಮಾಡಿಕೊಂಡು ಬಂದಿದ್ದಳು, ಒಬ್ಬರಿಗೂ ಬಾಯಿ ಬಿಡದೆ.

ಶನಿವಾರ ಒಂಬತ್ತು ಗಂಟೆಗೆ ಮ್ಯಾಲಕಿ ಅವಳ ವ್ಯಾನನ್ನು ಮಾಂಸದಂಗಡಿಯ ಮುಂದೆ ಅಡ್ಡಗಟ್ಟಿದ. ನಾನು ಕೆಲಸಕ್ಕೆ ಹೋಗುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ.

"ಕಿಲ್‌ಕಾರನ್ ಮೇಲೆ ದುಡ್ಡು ಕಟ್ಟಿದ್ದೀಯಂತೆ?"

"ಕಟ್ಟಿದ್ದೀನಿ."

"ನಾಚಿಕೆ ಆಗಲ್ವೇನೇ? ಮೈದಾನದಲ್ಲಿ ಇರೋನು ನಿನ್ನ ಅಣ್ಣನ ಮಗ!"

"ಅವನ ಮೇಲೂ ಕಟ್ಟಿದ್ದೀನಿ."

"ಸುಳ್ಳು. ಚೀಟಿ ತೋರಿಸು."

ಚೀಟಿ ಅವಳ ಕೋಟಿನ ಒಳಜೇಬಿನಲ್ಲೇ ಇತ್ತು. ತೋರಿಸಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಬ್ರೀಡಾ ಬ್ರೆಡ್ಡಿನ ತಟ್ಟೆಯನ್ನು ಭುಜಕ್ಕೇರಿಸಿದಳು.

"ಯಾಕೆ ತೋರಿಸಲಿ? ನೀನೇನು ಪೊಲೀಸಾ? ನಿನ್ನ ಜೇಬಲ್ಲಿ ಏನಿದೆ ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ?"

"ನಾಳೆ ಕ್ಲಬ್ಬಿಗೆ ನಿನ್ನ ಬ್ರೆಡ್ಡು ಬೇಡ. ತಿಂಡಿ ಮಾಡೋ ಹೆಂಗಸರು ಹೇಳಿಯಾಗಿದೆ."

"ಒಳ್ಳೇದು. ಹಸ್ಕೊಂಡು ಕೂಗಿ. ಈಗ ಪಕ್ಕಕ್ಕೆ ಸರಿ, ಕೈ ನೋಯ್ತಿದೆ."

ಹತ್ತೂವರೆಗೆ ಅವಳು ನಮ್ಮ ಅಂಗಡಿಗೂ ಬಂದಳು. ಅಂದು ಬರಲಾರಳು ಎಂದುಕೊಂಡಿದ್ದ ನನ್ನ ಮುಖ ಕೆಂಪಾಯಿತು. ಅಷ್ಟರಲ್ಲಿ ಫಿಂಟನ್ ಕಿಲ್‌ಕಾರನ್ನಿನ ಅಂಗಡಿಗೆ ಫೋನು ಮಾಡಿ ವಿಷಯ ತಿಳಿದುಕೊಂಡಿದ್ದ. ಅವಳನ್ನು ಮೂಲೆಗೆ ಕರೆದು, ನನಗೊಬ್ಬಳಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ ಹೇಳಿದ.

"ಶಾಲೇಲಿ ಒಂದೇ ಬೆಂಚಲ್ಲಿ ಕೂತವರು ನಾವು, ಬ್ರೀಡಾ. ನನ್ನನ್ನೇ ಕುರಿ ಮಾಡ್ತೀಯಾ? ನಿನ್ನ ಬಾಜಿ ರದ್ದು. ತಗೋ ನಿನ್ನ ಇನ್ನೂರು."

ನೋಟುಗಳನ್ನು ಮುಂದಿಟ್ಟ. ಅವನ ಹೂಟ ಅವಳಿಗೆ ಕೂಡಲೇ ಹೊಳೆಯಿತು. ಮೂರು ಊರಿನ ಮೂರು ಕಾಲಲ್ಲಿ ಈ ಒಂದು ಮುರಿದರೆ ಅವಳ ಲೆಕ್ಕವೇ ಕುಂಟುತ್ತದೆ. ಕಿಲ್‌ಕಾರನ್ ಗೆದ್ದರೆ ಉಳಿದೆರಡು ಊರಿನಲ್ಲಿ ಕಟ್ಟಿದ್ದೆಲ್ಲ ಮುಳುಗುತ್ತದೆ.

"ಚೀಟಿ ಮೇಲಿರೋ ಮೊಹರು ಯಾರ್ದು?"

"ನಂದೇ."

"ದರ ಬರೆದಿದ್ದು?"

"ನಾನೇ. ಆದ್ರೆ ಅಂಗಡೀನೂ ನಂದೇ."

"ಹಂಗಾದ್ರೆ ನಿನ್ನ ಮಾತೂ ನಿಂದೇ ಆಗಿರ್ಲಿ." ಅವಳು ನೋಟುಗಳ ಕಡೆ ಕಣ್ಣೂ ಹಾಯಿಸದೆ ಹೊರಗೆ ಹೋದಳು. ಇನ್ನೂರು ಯೂರೋ ದಿನವಿಡೀ ಕೌಂಟರಿನ ಮೇಲೇ ಬಿದ್ದಿತ್ತು. ಅವಳು ಎರಡೂ ಕಡೆ ಕಟ್ಟಿದ್ದಾಳೆ ಎಂಬ ನಿಜವನ್ನು ಫಿಂಟನ್ ಯಾರಿಗೂ ಹೇಳಲಿಲ್ಲ. ಹೇಳಿದರೆ ಪಕ್ಕದೂರಿನಲ್ಲಿ ನಮ್ಮ ತಂಡಕ್ಕೆ ಎಷ್ಟು ಹೆಚ್ಚು ದರ ಸಿಗುತ್ತದೆ ಎಂಬುದೂ ಹೊರಬೀಳುತ್ತಿತ್ತಲ್ಲ.

ಭಾನುವಾರ ಅವಳು ಮೈದಾನಕ್ಕೆ ಬಂದಳು. ಯಾವಾಗಲೂ ಕೂರುವ ಸಾಲಿನಲ್ಲೇ, ನಮ್ಮೂರಿನವರ ನಟ್ಟನಡುವೆ ಕೂತಳು. ಅವಳ ಎಡಕ್ಕೆ ಮೂರು, ಬಲಕ್ಕೆ ಮೂರು ಜಾಗ ಖಾಲಿಯಾದವು. ಯಾರೋ ಹಿಂದಿನಿಂದ, "ಕಿಲ್‌ಕಾರನ್ ಕಡೆ ಗೇಟು ಅತ್ಲಾಗಿದೆ ಕಣಮ್ಮ" ಎಂದರು. ಅವಳು ತಿರುಗಿ, "ಗೊತ್ತು. ಅಲ್ಲಿ ಗಾಳಿ ಜಾಸ್ತಿ" ಎಂದಳು.

ಕೊನೆಯ ನಿಮಿಷಕ್ಕೆ ನಾವು ಒಂದು ಅಂಕ ಹಿಂದೆ. ಕಾಹಲ್‌ಗೆ ಚೆಂಡು ಸಿಕ್ಕಿತು, ಎದುರಿಗೆ ಯಾರಿಲ್ಲ. ಹೊಡೆದ. ಚೆಂಡು ಕಂಬದ ಹೊರಗೆ ಹೋಯಿತು, ಒಂದು ಗೇಣಿನಷ್ಟು. ಕಿಲ್‌ಕಾರನ್ ಗೆದ್ದಿತು. ನಮ್ಮವರು ಅಳುತ್ತಾ ಇಳಿಯುತ್ತಿದ್ದಾಗ ಎಲ್ಲರ ಕಣ್ಣೂ ಬ್ರೀಡಾ ಮೇಲೆ. ಅವಳೇ ಹೋಗಿ ಚೆಂಡನ್ನು ಊದಿ ಹೊರಗೆ ತಳ್ಳಿದ್ದಳೋ ಎಂಬಂತೆ.

ಸೋಮವಾರ ಹತ್ತೂವರೆಗೆ ಅವಳು ಐದು ಚೀಟಿಗಳನ್ನು ನನ್ನ ಗಾಜಿನ ಕೆಳಗೆ ಸರಿಸಿದಳು. ಅಂಗಡಿ ತುಂಬಿತ್ತು, ಯಾರಿಗೂ ಮನೆಯಲ್ಲಿ ಇರಲಾಗುತ್ತಿರಲಿಲ್ಲ.

"ಐನೂರು ಕೊಡು, ನೂಲಾ."

ಫಿಂಟನ್ ನನ್ನ ಕೈ ತಡೆದ. "ಶನಿವಾರವೇ ರದ್ದು ಮಾಡಿದ್ದೀನಿ. ಇನ್ನೂರು ತಗೊಂಡು ಹೋಗು."

"ಇಲ್ಲ."

"ಹಂಗಾದ್ರೆ ಅದೂ ಇಲ್ಲ."

ಅವಳು ಗೋಡೆಗೆ ಒರಗಿ ನಿಂತಳು. ಅರ್ಧ ಗಂಟೆ ನಿಂತು, ಬ್ರೆಡ್ಡು ಹಂಚಲು ಹೋದಳು. ಮಂಗಳವಾರ ಮತ್ತೆ ಬಂದು ನಿಂತಳು. ಬೈಯಲಿಲ್ಲ, ಬೇಡಲಿಲ್ಲ. ಯಾರೋ ನಕ್ಕರು, ಯಾರೋ ಉಗುಳುವ ಸದ್ದು ಮಾಡಿದರು. ಬುಧವಾರ ಫಿಂಟನ್ ತಾಳ್ಮೆಗೆಟ್ಟು ಎಲ್ಲರ ಮುಂದೆ ಕೂಗಿದ.

"ನೋಡ್ರಪ್ಪಾ ಇವಳನ್ನ! ಸ್ವಂತ ಅಣ್ಣನ ಮಗ ಸೋತಿದ್ದಕ್ಕೆ ದುಡ್ಡು ಕೇಳೋಕೆ ಬಂದಿದ್ದಾಳೆ!"

ಆಗ ಅವಳು ಮೊದಲ ಬಾರಿಗೆ ಗೋಡೆ ಬಿಟ್ಟು ಮುಂದೆ ಬಂದಳು.

"ನಿಜ ಹೇಳು ಫಿಂಟನ್. ಇವರೆಲ್ಲ ನಮ್ಮ ಹುಡುಗರ ಮೇಲೆ ನಿನ್ನ ಹತ್ರ ನೂರು ಕಟ್ಟಿದ್ರೆ ಲಾಭ ಎಷ್ಟು ಕೊಡ್ತಿದ್ದೆ? ಐವತ್ತು. ಅದೇ ನೂರಕ್ಕೆ ಕಿಲ್‌ಕಾರನ್ನಲ್ಲಿ ನೂರೈವತ್ತು. ನಾನು ನಮ್ಮ ಹುಡುಗರ ಮೇಲೆ ಅಲ್ಲಿ ಕಟ್ಟಿದೆ, ಅವರ ಮೇಲೆ ಇಲ್ಲಿ ಕಟ್ಟಿದೆ. ಊರಭಿಮಾನನ ಬೋರ್ಡಿಗೆ ಹಾಕಿ ಮಾರಿದ್ದು ನಾನಾ, ನೀನಾ?"

ಹಾಲಿನ ಡೈರಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ಜಾರ್ಲತ್ ಡೀವಿ ಎಂಬ ಮುದುಕ ಪೇಪರು ಮಡಚಿದ. ಮೂರು ದಿನದಿಂದ ಉಗುಳುವ ಸದ್ದು ಮಾಡುತ್ತಿದ್ದವನು ಅವನೇ.

"ಫಿಂಟನ್, ಈ ಹೆಂಗಸನ್ನ ಕಂಡ್ರೆ ನಂಗಾಗಲ್ಲ," ಎಂದ. "ಆದ್ರೆ ಮೊಹರು ಬಿದ್ದ ಚೀಟಿಗೆ ಇವತ್ತು ಅವಳಿಗೆ ಕೊಡದವನು ನಾಳೆ ನಂಗೆ ಕೊಡ್ತೀಯ ಅಂತ ಏನು ಗ್ಯಾರಂಟಿ?"

"ಅವಳ ಚೀಟಿಯಲ್ಲಿ ತಪ್ಪಿದೆ," ಎಂದ ಫಿಂಟನ್.

ಅದು ಸುಳ್ಳು. ಒಂದೊಂದು ಚೀಟಿಯನ್ನೂ ನಾನು ಗಟ್ಟಿಯಾಗಿ ಓದಿದ್ದೆ. "ತಪ್ಪಿಲ್ಲ," ಎಂದೆ. "ಐದೂ ನಾನೇ ಮೊಹರು ಒತ್ತಿದ್ದು. ಓದಿ ಹೇಳಿದ್ದೂ ನಾನೇ. ಊರಿಗೆ ಚಾಡಿ ಹೇಳಿದ್ದೂ ನಾನೇ, ಬ್ರೀಡಾ."

"ಅದು ಗೊತ್ತು," ಎಂದಳು ಅವಳು. "ದುಡ್ಡು ಎಣಿಸು."

ಎಣಿಸಿದೆ. ಫಿಂಟನ್ ತಡೆಯಲಿಲ್ಲ, ಹದಿನೈದು ಜನ ನೋಡುತ್ತಿದ್ದರು. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದ, "ಇನ್ಮೇಲೆ ಈ ಅಂಗಡೀಲಿ ನಿನ್ನ ಒಂದು ಸೆಂಟೂ ತಗೊಳ್ಳಲ್ಲ!" ಅದೇ ಸಂಜೆ ನನ್ನ ಕೆಲಸವೂ ಹೋಯಿತು.

ಲಾಭ ಬರೀ ನಲವತ್ತನಾಲ್ಕು ಎಂದು ಹೊರಬಿದ್ದಾಗ ಜನಕ್ಕೆ ಇನ್ನೂ ಕೋಪ ಬಂತು. ಇಷ್ಟಕ್ಕೆ ಇಷ್ಟೆಲ್ಲ ರಂಪವೇ? ನಮ್ಮಮ್ಮ ಅವಳನ್ನೇ ಕೇಳಿದಳು. "ಆ ನಲವತ್ತನಾಲ್ಕೂ ನಂದೇ ತಾನೆ?" ಎಂದಳಂತೆ ಬ್ರೀಡಾ.

ಮರುವಾರ ಅವಳು ನಮ್ಮ ಮನೆ ಬಾಗಿಲಿಗೆ ಬಂದು ಕೇಳಿದ್ದು ಒಂದೇ: "ನಿಂಗೆ ವ್ಯಾನ್ ಓಡಿಸೋಕೆ ಬರುತ್ತಾ?" ಅವಳಿಗೆ ದೂರದ ಎರಡು ಊರಿನ ಸರಬರಾಜೂ ಸಿಕ್ಕಿತ್ತು, ಸಹಾಯಕ್ಕೆ ಜನ ಬೇಕಿತ್ತು. ನಾನು ಕ್ಷಮೆ ಕೇಳಲು ಶುರು ಮಾಡಿದೆ. "ಆರಕ್ಕೆ ಬಾ, ಆರೂ ಐದಕ್ಕಲ್ಲ," ಎಂದು ಹೊರಟುಬಿಟ್ಟಳು.

ಬ್ರೆಡ್ಡು ಹಂಚುತ್ತಲೇ ತನ್ನ ಬಾಜಿಯ ಲೆಕ್ಕವನ್ನೂ ಕಲಿಸಿದಳು, ಆದರೆ ಮೊದಲ ಆರು ತಿಂಗಳು ನನಗೆ ಒಂದು ಯೂರೋ ಕಟ್ಟಲೂ ಬಿಡಲಿಲ್ಲ. ಪುಸ್ತಕದಲ್ಲಿ ದರ ಬರೆಯಬೇಕು, ಅಷ್ಟೇ. ಒಂದು ದಿನ ಡ್ರಮ್‌ಲೀಯಲ್ಲಿ ಒಳ್ಳೆಯ ದರ ಕಂಡು ಓಡಿಬಂದು ಹೇಳಿದರೆ, "ಇನ್ನೊಂದು ಊರಲ್ಲಿ ಬೆಳಿಗ್ಗೆ ಬರ್ಕೊಂಡ ದರ ಇನ್ನೂ ಇದೆಯಾ, ನೋಡಿದ್ಯಾ?" ಎಂದಳು. ನೋಡಿರಲಿಲ್ಲ. ಹೋಗುವಷ್ಟರಲ್ಲಿ ಅದು ಅಳಿಸಿಹೋಗಿತ್ತು. ನನಗೆ ಅಳು ಬಂತು. "ಹೋದ ದರಕ್ಕೆ ಅಳೋರು ಈ ಕೆಲಸಕ್ಕೆ ಬರಬಾರ್ದು," ಎಂದಳು. ದೊಡ್ಡ ಲಾಭ ಕಂಡಾಗ ಅವಳು ಇನ್ನೂ ನಿಧಾನವಾಗುತ್ತಿದ್ದಳು. ಎಲ್ಲೋ ತಪ್ಪಿರಬೇಕು ಎಂದು ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದಳು. ಒಂದೊಂದು ಅಂಗಡಿಯೂ ನಮ್ಮನ್ನು ಗುರುತು ಹಿಡಿದು ಬಾಗಿಲು ಹಾಕಿದಾಗ ಕೈ ಕೊಡವಿ ಮುಂದಿನ ಊರಿಗೆ ವ್ಯಾನ್ ತಿರುಗಿಸುತ್ತಿದ್ದಳು. "ಸೋಲೋರಿಗೆ ಮಾತ್ರ ಸ್ವಾಗತ ಅಂತ ಬೋರ್ಡು ಹಾಕ್ಕೊಳ್ಳಿ," ಎಂದು ಒಬ್ಬನ ಮುಖಕ್ಕೇ ಹೇಳಿದ್ದಳು.

ಕಾಹಲ್ ಆ ಚಳಿಗಾಲದಲ್ಲಿ ಒಮ್ಮೆ ಅವಳ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ಟೀ ತಣ್ಣಗಾಗಲು ಬಿಟ್ಟು ಕೇಳಿದ.

"ಅತ್ತೆ, ನಾನು ಆ ಚೆಂಡು ಹಾಕಿದ್ರೆ ನಿಂಗೆ ಎಷ್ಟು ಸಿಗ್ತಿತ್ತು?"

"ಸಮ ಆಗ್ತಿತ್ತು. ಡ್ರಮ್‌ಲೀಯಿಂದ ನಾಲ್ಕು ಯೂರೋ ಜಾಸ್ತಿ."

ಅವನು ನಕ್ಕುಬಿಟ್ಟ. "ಇಡೀ ಊರು ಸಾಯ್ತಿತ್ತು. ನೀನೊಬ್ಳೇ ಆರಾಮಾಗಿ ಕೂತಿದ್ದೆ."

"ಯಾರು ಹೇಳಿದ್ದು ಆರಾಮಾಗಿದ್ದೆ ಅಂತ?" ಬ್ರೀಡಾ ದನಿ ಏರಿತು. "ನೀನು ಕೋಲೆತ್ತಿದಾಗ ನಾನು ಕಣ್ಣು ಮುಚ್ಕೊಂಡೆ ಕಣೋ. ಉಳಿದೋರಿಗೆಲ್ಲ ಅವರ ದುಡ್ಡಿನ ಚಿಂತೆ. ನನ್ನ ದುಡ್ಡಿಗೆ ಏನೂ ಆಗ್ತಿರಲಿಲ್ಲ. ನಿನ್ನೊಬ್ಬನದೇ ಚಿಂತೆ ನಂಗೆ."

ಅವನು ತಣ್ಣಗಾದ ಟೀ ಕುಡಿದು ಹೋದ.

ಮ್ಯಾಲಕಿ ಮಾತ್ರ ಒಂದು ವರ್ಷ ಮಾತಾಡಿಸಲಿಲ್ಲ. ಮುಂದಿನ ಅಕ್ಟೋಬರ್‌ನಲ್ಲಿ ನಮ್ಮ ತಂಡ ಸೆಮಿಫೈನಲ್ ತಲುಪಿದಾಗ ಒಂದು ಮಧ್ಯಾಹ್ನ ಅವಳ ಮನೆಗೆ ಫೋನು ಮಾಡಿದ; ನಾನು ಅವಳ ಪಕ್ಕದಲ್ಲೇ ಇದ್ದೆ. ಹವಾಮಾನದ ವಿಷಯ ಎತ್ತಿದ, ಮಂಡಿನೋವಿನ ವಿಷಯ ಎತ್ತಿದ. ಆಮೇಲೆ, ಯಾರೋ ಪಕ್ಕದಲ್ಲಿರುವಂತೆ ದನಿ ತಗ್ಗಿಸಿದ.

"ಅಲ್ಲಾ ಬ್ರೀಡಾ, ಆ ಕಡೆ ಊರಲ್ಲಿ ನಮ್ಮ ಹುಡುಗರ ದರ ಎಷ್ಟಿದೆ?"

"ನಿಂಗೂ ಕಾರಿದೆ, ಕಣ್ಣಿದೆ. ಹೋಗಿ ನೋಡ್ಕೊಂಡು ಬಾ," ಎಂದು ಅವಳು ಫೋನು ಇಟ್ಟಳು. ಇಟ್ಟು ಕೋಟು ಹಾಕಿಕೊಂಡಳು; ಅದೇ ಬೋರ್ಡು ನೋಡಲು ಹೊರಟಿದ್ದ ನಮಗೆ ತಡವಾಗುತ್ತಿತ್ತು.